ಮಳೆಗಾಲಕ್ಕೆ ಮೊದಲು ಒಂದು ತಂತಿ

ತೀರ್ಥಹಳ್ಳಿಯಲ್ಲಿ ಆಗುಂಬೆಯ ಬಸ್ಸು ಹತ್ತಿ ಕುಳಿತರೆ ಮೇಗರವಳ್ಳಿ ದಾಟುವಷ್ಟರಲ್ಲಿ ಕಾಡು ರಸ್ತೆಯ ಎರಡೂ ಬದಿಗೆ ಬಂದು ನಿಲ್ಲುತ್ತದೆ. ಗುಡ್ಡೇಕೇರಿಯ ಆಸುಪಾಸಿನಲ್ಲಿ ಮರಗಳ ಸಂದಿಯಿಂದ ಕುಂದಾದ್ರಿಯ ಬೋಳು ಬಂಡೆ ಒಮ್ಮೆ ತಲೆಯೆತ್ತಿ ಮತ್ತೆ ಮರೆಯಾಗುತ್ತದೆ. ಅಲ್ಲಿಂದ ಮುಂದೆ ಆಗುಂಬೆ. ಆಗುಂಬೆಯಾಚೆ 14 ತಿರುವುಗಳ ಘಾಟಿ. ಘಾಟಿ ಇಳಿದರೆ ಸೋಮೇಶ್ವರ, ಹೆಬ್ರಿ, ಆಮೇಲೆ ಕರಾವಳಿ. ಈ ದಾರಿಯಲ್ಲಿ ಬರುವವರಲ್ಲಿ ಸೂರ್ಯಾಸ್ತ ನೋಡುವವರು ಕೆಲವರು, 'ಮಾಲ್ಗುಡಿ ಡೇಸ್' ಚಿತ್ರೀಕರಣವಾದ ಮನೆಯನ್ನು ಹುಡುಕಿ ಬರುವವರು ಕೆಲವರು, ಬರೀ ಮಳೆಯಲ್ಲಿ ನೆನೆಯಲೆಂದೇ ಬರುವವರು ಇನ್ನು ಕೆಲವರು. ಕಳೆದ ಮೇ ತಿಂಗಳ ಕೊನೆಯಲ್ಲಿ ನಾನು ಹೋದದ್ದು ಇದಾವುದಕ್ಕೂ ಅಲ್ಲ. ಅಡಿಕೆ ತೋಟವೊಂದರಲ್ಲಿ ಒಂದು ತಂತಿಯನ್ನು ಮೇಲೇರಿಸುವುದಿತ್ತು. ಅದನ್ನು ನೋಡಲು.

ತಂತಿ ಏರಿಸುವುದರಲ್ಲಿ ನೋಡುವುದೇನಿದೆ ಎಂದು ನೀವು ಕೇಳಬಹುದು. ಅದಕ್ಕೆ ಉತ್ತರ ಬೇಕಾದರೆ ಮೊದಲು ಇಲ್ಲಿಯ ಮಳೆಯನ್ನು ತಿಳಿಯಬೇಕು. ಆಗುಂಬೆಯಲ್ಲಿ ವರ್ಷಕ್ಕೆ ಬೀಳುವ ಮಳೆ 7 ಸಾವಿರ ಮಿಲಿಮೀಟರಿಗೂ ಮೀರಿದ್ದು. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲೇ ಸುರಿಯುತ್ತದೆ. ಮೊದಲ ಜಡಿಮಳೆಗೆ ಒಂದು ಮರ ವಿದ್ಯುತ್ ತಂತಿಯ ಮೇಲೆ ಮಲಗುತ್ತದೆ. ಕರೆಂಟು ಹೋಗುತ್ತದೆ. ಊರಿಗೆ ಇರುವ ಒಂದೇ ಮೊಬೈಲ್ ಗೋಪುರ ಬ್ಯಾಟರಿಯ ಮೇಲೆ ಒಂದಷ್ಟು ಹೊತ್ತು ಉಸಿರಾಡಿ, ಆಮೇಲೆ ಅದೂ ಸುಮ್ಮನಾಗುತ್ತದೆ. ಎರಡನೇ ಮರ ರಸ್ತೆಗೆ ಬೀಳುತ್ತದೆ. ಹಳ್ಳ ಉಕ್ಕಿ ಕಾಲುಸಂಕದ ಮೇಲೆ ಹರಿಯುತ್ತದೆ. ಅಲ್ಲಿಗೆ ಹತ್ತು ಹದಿನೈದು ಮನೆಗಳ ಒಂದು ಊರು ಪೂರ್ತಿ ದ್ವೀಪವಾದಂತೆ.

ಮುಖ್ಯರಸ್ತೆಯಿಂದ ಎರಡು ಮೈಲಿ ಒಳಕ್ಕಿರುವ ಅಂಥದೊಂದು ದ್ವೀಪದಲ್ಲಿ ನಿವೃತ್ತ ವಿಜ್ಞಾನ ಮೇಷ್ಟ್ರೊಬ್ಬರಿದ್ದಾರೆ. ಎಪ್ಪತ್ತು ದಾಟಿದ ವಯಸ್ಸು. ನಾಲ್ಕು ಎಕರೆ ಅಡಿಕೆ, ಎರಡು ದನ, ಒಂದು ಹಳೆಯ ರೇಡಿಯೋ ಕೋಣೆ. ಅವರು ಹ್ಯಾಮ್, ಅಂದರೆ ಹವ್ಯಾಸಿ ರೇಡಿಯೋ ಬಳಕೆದಾರರು. ತಮ್ಮದೇ ಪ್ರಸಾರ ಯಂತ್ರ, ತಮ್ಮದೇ ಆಂಟೆನಾ ಇಟ್ಟುಕೊಂಡು, ಮಧ್ಯೆ ಯಾವ ಕಂಪನಿಯ ಗೋಪುರವೂ ಇಲ್ಲದೆ ಊರೂರಿನ, ದೇಶದೇಶದ ಇತರ ಹವ್ಯಾಸಿಗಳ ಜೊತೆ ಮಾತಾಡುವವರ ಪಂಗಡ ಇದು. ಹಾಗೆಂದು ಯಾರು ಬೇಕಾದರೂ ಮೈಕು ಹಿಡಿಯುವಂತಿಲ್ಲ. ಕೇಂದ್ರ ಸರ್ಕಾರದ ಪರೀಕ್ಷೆ ಪಾಸು ಮಾಡಿ ಪರವಾನಗಿ ಪಡೆಯಬೇಕು. 12 ವರ್ಷ ತುಂಬಿದವರು ಪರೀಕ್ಷೆಗೆ ಕೂರಬಹುದು. ಪಾಸಾದವರಿಗೆ ವಿಯು2 ಅಥವಾ ವಿಯು3 ಎಂದು ಶುರುವಾಗುವ ಒಂದು ಕರೆಸಂಕೇತ ಸಿಗುತ್ತದೆ. ಪ್ರಧಾನಿಯಾಗಿದ್ದ ರಾಜೀವ್ ಗಾಂಧಿಯವರಿಗೂ ಅಂಥ ಸಂಕೇತವಿತ್ತು. ವ್ಯಾಪಾರದ ಮಾತು, ಹಾಡು, ಮನರಂಜನೆ ಇವಕ್ಕೆಲ್ಲ ಇಲ್ಲಿ ಜಾಗವಿಲ್ಲ.

ಮೇಷ್ಟ್ರ ಹಳೆಯ ಆಂಟೆನಾ ಹಿಂದಿನ ಆಗಸ್ಟಿನ ಗಾಳಿಗೆ ಹರಿದುಬಿದ್ದಿತ್ತು. ಈ ಮಳೆ ಹಿಡಿಯುವುದರೊಳಗೆ ಹೊಸದನ್ನು ಕಟ್ಟಬೇಕು. 'ಇನ್ನು ಹದಿನೈದು ದಿನ ಅಷ್ಟೆ ಮಾರಾಯ್ರೆ. ಆಮೇಲೆ ಮರ ಹತ್ತೂಕೆ ಯಾರೂ ಸಿಕ್ಕೂದಿಲ್ಲ, ಹತ್ತಿದ್ರೂ ಕಾಲು ನಿಲ್ಲೂದಿಲ್ಲ' ಎಂದರು.

<b>ಅಳತೆ ಎಲ್ಲಿಂದ ಬಂತು?</b>

ಭದ್ರಾವತಿ ಆಕಾಶವಾಣಿಯನ್ನು ಕೇಳುತ್ತ ಬೆಳೆದ ಮಲೆನಾಡಿಗರಿಗೆ 675 ಕಿಲೋಹರ್ಟ್ಸ್ ಎಂಬ ಅಂಕಿ ಬಾಯಿಪಾಠ. ಅದರ ಜೊತೆಗೇ ಹೇಳುತ್ತಿದ್ದ 444.4 ಮೀಟರ್ ಎಂಬುದೇನೆಂದು ಯೋಚಿಸಿದವರು ಕಡಿಮೆ. ಅದು ಆ ರೇಡಿಯೋ ಅಲೆಯ ಉದ್ದ. ಅಲೆ ಸೆಕೆಂಡಿಗೆ 30 ಕೋಟಿ ಮೀಟರ್ ಓಡುತ್ತದೆ. ಅಷ್ಟರಲ್ಲಿ 6 ಲಕ್ಷ 75 ಸಾವಿರ ಬಾರಿ ಕಂಪಿಸುತ್ತದೆ. ಭಾಗಿಸಿ ನೋಡಿ, ಒಂದೊಂದು ಅಲೆಗೆ 444.4 ಮೀಟರ್ ಬರುತ್ತದೆ. ಆಂಟೆನಾ ಕಟ್ಟುವವರ ಗಣಿತವೆಲ್ಲ ಹೊರಡುವುದು ಈ ಒಂದು ಭಾಗಾಕಾರದಿಂದ.

ನಮ್ಮ ದೇಶದ ಹ್ಯಾಮ್‌ಗಳು ಬೆಳಗ್ಗೆ ಸಂಜೆ ಹೆಚ್ಚಾಗಿ ಕೂಡುವುದು 7 ಮೆಗಾಹರ್ಟ್ಸ್‌ನ ಪಟ್ಟಿಯಲ್ಲಿ. 40 ಮೀಟರ್ ಬ್ಯಾಂಡ್ ಎಂದು ಅದರ ರೂಢಿಯ ಹೆಸರು. ಮೇಷ್ಟ್ರು ಆರಿಸಿಕೊಂಡದ್ದು 7.1 ಮೆಗಾಹರ್ಟ್ಸ್. ಅಲೆಯ ಉದ್ದ 42 ಮೀಟರಿಗೆ ತುಸು ಹೆಚ್ಚು. ಅದರ ಅರ್ಧ 21 ಮೀಟರ್. ತಂತಿಯ ತುದಿಗಳ ಪರಿಣಾಮದಿಂದ ಅರ್ಧ ಅಲೆಯ ತಂತಿ ಲೆಕ್ಕಕ್ಕಿಂತ ಸುಮಾರು ನೂರಕ್ಕೆ ಐದು ಪಾಲು ಗಿಡ್ಡವಾಗಿರಬೇಕು. ಅಂದರೆ ಸುಮಾರು 20 ಮೀಟರ್. ಅದನ್ನು ನಡುವೆ ಕತ್ತರಿಸಿ ಎರಡು ತೋಳು ಮಾಡಿದರೆ ಒಂದೊಂದು ತೋಳು 10 ಮೀಟರ್ 3 ಸೆಂಟಿಮೀಟರ್. ನಡುವಿನ ಕಡಿತಕ್ಕೆ ಕೇಬಲ್ಲಿನ ಎರಡು ತುದಿ ಬೆಸೆದರೆ 'ಡೈಪೋಲ್' ತಯಾರಾಯಿತು. ಹವ್ಯಾಸಿಗಳು ಮೊಟ್ಟಮೊದಲು ಕಟ್ಟಲು ಕಲಿಯುವ ಆಂಟೆನಾ ಸಾಮಾನ್ಯವಾಗಿ ಇದೇ.

ಸಾಮಾನು ನೋಡಿದರೆ ನಗು ಬರುತ್ತದೆ. ಮನೆ ವೈರಿಂಗಿಗೆ ಬಳಸುವ ತಾಮ್ರದ ತಂತಿ. ತೋಟದ ನೀರಾವರಿಯಲ್ಲಿ ಮಿಕ್ಕ ಪಿವಿಸಿ ಪೈಪಿನ ಮೂರು ತುಂಡು; ನಡುವಿಗೆ ಒಂದು, ತುದಿಗಳಿಗೆ ಒಂದೊಂದು, ವಿದ್ಯುತ್ ಹರಿಯದಂತೆ ತಡೆಯಲು. ನೈಲಾನ್ ಹಗ್ಗ. ಬಾವಿಯ ಹಳೆಯ ಗಡಗಡೆ. ದುಡ್ಡು ಕೊಟ್ಟು ತಂದದ್ದೆಂದರೆ 50 ಓಮಿನ ಕೇಬಲ್ ಮತ್ತು ಅದರ ತುದಿಯ ಕನೆಕ್ಟರ್ ಮಾತ್ರ. ಕೇಬಲ್ಲು ಆಂಟೆನಾಕ್ಕೆ ಸೇರುವ ಕಡೆ ಅದನ್ನೇ ಪೈಪಿನ ತುಂಡಿಗೆ ಕೆಲವು ಸುತ್ತು ಸುತ್ತಿ ಸುರುಳಿ ಮಾಡಿದರು. ಕೇಬಲ್ಲಿನ ಹೊರಮೈಯ ಮೇಲೆ ರೇಡಿಯೋ ಅಲೆ ವಾಪಸು ಮನೆಯೊಳಕ್ಕೆ ಹರಿದು ಬರದಂತೆ ತಡೆಯಲು ಈ ಸುರುಳಿ.

ಬೆಂಗಳೂರಿನಲ್ಲಿರುವ ಮಗ ಒಂದು ಸಿದ್ಧ ಆಂಟೆನಾ ಕೊಂಡು ಕಳಿಸಿದ್ದಾನೆ. ಅದು ಅಟ್ಟದ ಮೇಲೆ ಪೆಟ್ಟಿಗೆಯೊಳಗೇ ಇದೆ. 'ಒಳ್ಳೇದೇ, ಏನೂ ದೋಷ ಇಲ್ಲ. ಆದ್ರೆ ಅದಕ್ಕೆ ನಮ್ಮ ತೋಟ ಗೊತ್ತಿಲ್ಲ' ಎಂದರು ಮೇಷ್ಟ್ರು. ಈ ಮಾತು ನನಗೆ ಅರ್ಥವಾದದ್ದು ಮರುದಿನ.

<b>ತೋಟ ತಿದ್ದಿದ ಲೆಕ್ಕ</b>

ಅಂಗಳದ ಮೂಲೆಯಲ್ಲಿ ಒಂದು ದೊಡ್ಡ ಹಲಸಿನ ಮರ. ಅದರ ಎತ್ತರದ ಕೊಂಬೆಯಿಂದ, ನೆಲದಿಂದ 12 ಮೀಟರ್ ಮೇಲೆ, ತಂತಿಯ ನಡುಭಾಗ ತೂಗಬೇಕು. ಎರಡು ತೋಳುಗಳೂ ಗುಡಿಸಲಿನ ಮಾಡಿನಂತೆ ಇಳಿಜಾರಾಗಿ ಬಂದು ಆಚೀಚೆಯ ಅಡಿಕೆ ಮರಗಳ ಕಡೆಗೆ ಹಗ್ಗದಲ್ಲಿ ಕೊನೆಗೊಳ್ಳಬೇಕು. ಹೀಗೆ ಇಳಿಬಿಟ್ಟ ಡೈಪೋಲನ್ನು ಹ್ಯಾಮ್‌ಗಳು ತಲೆಕೆಳಗಾದ 'ವಿ' ಎನ್ನುತ್ತಾರೆ. ಒಂದೇ ಎತ್ತರದ ಕಂಬ ಸಾಕು ಎಂಬುದು ಅದರ ಒಂದು ಅನುಕೂಲ. ಇನ್ನೊಂದನ್ನು ಆಮೇಲೆ ಹೇಳುತ್ತೇನೆ.

ಮರ ಹತ್ತಿದವನು ಊರಿನ ಕೊನೆಗಾರ. ಅಡಿಕೆ ಕೊನೆ ಇಳಿಸುವುದು, ಮಳೆಗೆ ಮುಂಚೆ ಮೈಲುತುತ್ತದ ಔಷಧಿ ಹೊಡೆಯುವುದು ಅವನ ಕಸುಬು. ಆ ವಾರ ಅವನಿಗಾಗಿ ನಾಲ್ಕು ತೋಟದವರು ಕಾದಿದ್ದರು. ಆದರೂ ಬಂದ. ಬಂದವನ ಜೊತೆ ಅವನ ಮಗಳೂ ಬಂದಳು, ಒಂಬತ್ತನೇ ತರಗತಿ. ಕೈಯಲ್ಲಿ ಅಳತೆಯ ಟೇಪು, ಕಂಕುಳಲ್ಲಿ ಒಂದು ನೋಟ್‌ಬುಕ್ಕು. ಎರಡು ವರ್ಷದಿಂದ ಸಂಜೆ ಹೊತ್ತು ಮೇಷ್ಟ್ರ ರೇಡಿಯೋ ಕೋಣೆಯಲ್ಲಿ ಕೂತು ಕೇಳಿದ್ದನ್ನೆಲ್ಲ ಅದರಲ್ಲಿ ಬರೆದಿಡುತ್ತಾಳಂತೆ.

ತಂತಿಯನ್ನು ಲೆಕ್ಕಕ್ಕಿಂತ ಉದ್ದವಾಗಿಯೇ, ತೋಳಿಗೆ 10 ಮೀಟರ್ 40 ಸೆಂಟಿಮೀಟರ್ ಬರುವಂತೆ ಕತ್ತರಿಸಿದರು. ದರ್ಜಿಗೂ ಇದಕ್ಕೂ ಒಂದೇ ನಿಯಮ: ಬಟ್ಟೆ ಮಿಕ್ಕರೆ ಮಡಿಚಿ ಹೊಲಿಯಬಹುದು, ಸಾಲದೇ ಹೋದರೆ ಅಂಗಿಯೇ ಹೋಯಿತು. ಏರಿಸಿ ಕಟ್ಟಿದ್ದಾಯಿತು. ಮೇಷ್ಟ್ರು ಪ್ರಸಾರ ಯಂತ್ರಕ್ಕೂ ಕೇಬಲ್ಲಿಗೂ ನಡುವೆ ಒಂದು ಪುಟ್ಟ ಮಾಪಕ ಜೋಡಿಸಿದರು. ಎಸ್‌ಡಬ್ಲ್ಯುಆರ್ ಎಂಬುದನ್ನು ಅಳೆಯುವ ಮಾಪಕ ಅದು.

ಏನದು? ಬಾವಿಯ ದಪ್ಪ ಹಗ್ಗಕ್ಕೆ ಒಂದು ತೆಳ್ಳನೆ ದಾರ ಗಂಟುಹಾಕಿ, ದಪ್ಪ ಹಗ್ಗದ ತುದಿ ಹಿಡಿದು ಒಮ್ಮೆ ಝಾಡಿಸಿ. ಅಲೆ ಹಗ್ಗದುದ್ದ ಓಡಿ ಗಂಟಿನ ಬಳಿ ಎಡವುತ್ತದೆ. ಒಂದು ಪಾಲು ದಾರಕ್ಕೆ ದಾಟುತ್ತದೆ, ಒಂದು ಪಾಲು ನಿಮ್ಮ ಕೈಗೇ ವಾಪಸು ಬರುತ್ತದೆ. ಎರಡೂ ಕಡೆ ಒಂದೇ ದಪ್ಪದ ಹಗ್ಗವಿದ್ದರೆ ವಾಪಸು ಬರುವುದೇ ಇಲ್ಲ. ಕೇಬಲ್ಲಿಗೆ 50 ಓಮಿನ ಒಂದು ಗುಣವಿದೆ. ಆಂಟೆನಾವೂ ಅಷ್ಟೇ ತೋರಿಸಿದರೆ ಶಕ್ತಿಯೆಲ್ಲ ಅದಕ್ಕೆ ದಾಟುತ್ತದೆ. ಆಗ ಮಾಪಕ 1 ಎನ್ನುತ್ತದೆ. 2 ಎಂದರೆ ಕಳಿಸಿದ ಶಕ್ತಿಯಲ್ಲಿ ನೂರಕ್ಕೆ 11 ಪಾಲು ಹಿಂದಕ್ಕೆ ಬರುತ್ತಿದೆ ಎಂದು ಅರ್ಥ. 3 ಎಂದರೆ ಕಾಲು ಭಾಗ. ಆಂಟೆನಾವನ್ನು ಕೇಬಲ್ಲಿಗೆ ಹೊಂದಿಸುವುದು ಎಂದರೆ ಈ ಗಂಟನ್ನು ಇಲ್ಲವಾಗಿಸುವುದು. ಆಕಾಶದಲ್ಲಿ ಒಂಟಿಯಾಗಿ ನೇರ ಚಾಚಿದ ಡೈಪೋಲು ಸುಮಾರು 73 ಓಮ್ ತೋರಿಸುತ್ತದೆ. ತೋಳುಗಳನ್ನು ಇಳಿಬಿಟ್ಟರೆ ಅದು ಕೆಳಗಿಳಿದು 50ರ ಹತ್ತಿರ ಬರುತ್ತದೆ. ತಲೆಕೆಳಗಾದ 'ವಿ'ಯ ಎರಡನೇ ಅನುಕೂಲ ಇದು.

ಮೊದಲ ಅಳತೆಯಲ್ಲಿ 7.1ರಲ್ಲಿ ಮಾಪಕದ ಮುಳ್ಳು 3ನ್ನೂ ದಾಟಿ ನಿಂತಿತು. ಮೇಷ್ಟ್ರಿಗೆ ಗಾಬರಿಯಿಲ್ಲ. ಹತ್ತು ವಾಟಿಗೂ ಕಡಿಮೆ ಶಕ್ತಿಯಲ್ಲಿ ಬೇರೆ ಉಪಕರಣದಿಂದ ಮೇಲೆ ಕೆಳಗೆ ಹುಡುಕಿ, ತಂತಿ ಎಲ್ಲಿ ಒಪ್ಪುತ್ತಿದೆ ಎಂದು ನೋಡಿದರು. 6.75 ಮೆಗಾಹರ್ಟ್ಸಿನಲ್ಲಿ. ಅಂದರೆ ತಂತಿ ಉದ್ದವಾಗಿದೆ. ಇಳಿಸಿ, ಎರಡೂ ತುದಿಯಲ್ಲಿ 25 ಸೆಂಟಿಮೀಟರ್ ಮಡಿಚಿ, ತನ್ನ ಮೇಲೇ ಸುತ್ತಿ, ಮತ್ತೆ ಏರಿಸಿದರು. 6.92. ಮತ್ತೆ ಇಳಿಸಿ 20 ಸೆಂಟಿಮೀಟರ್. 7.06. ಮತ್ತೆ 6 ಸೆಂಟಿಮೀಟರ್. ಹುಡುಗಿ ಪ್ರತಿ ಸಲವೂ ಅಳೆದು ಬರೆದುಕೊಂಡಳು. ಕೊನೆಗೆ ಮುಳ್ಳು 7.1ರಲ್ಲಿ 1.2ಕ್ಕೆ ಇಳಿದಾಗ ತೋಳಿನ ಉದ್ದ 9 ಮೀಟರ್ 89 ಸೆಂಟಿಮೀಟರ್. ಪುಸ್ತಕದ ಲೆಕ್ಕಕ್ಕಿಂತ 14 ಸೆಂಟಿಮೀಟರ್ ಕಡಿಮೆ.

ಆ 14 ಸೆಂಟಿಮೀಟರನ್ನು ತಿಂದದ್ದು ಯಾರು? ತಂತಿಯ ಮೇಲಿನ ಪ್ಲಾಸ್ಟಿಕ್ ಹೊದಿಕೆ ಸ್ವಲ್ಪ. ತುದಿಗಳು ನೆಲಕ್ಕೆ ಹತ್ತಿರವಾದದ್ದು ಸ್ವಲ್ಪ. ಸದಾ ತೇವವಾಗಿರುವ ತೋಟದ ಮಣ್ಣು, ಸುತ್ತಲಿನ ಹಸಿ ಮರ ಇವುಗಳದ್ದೂ ಒಂದು ಪಾಲು. ಇದೇ ತಂತಿಯನ್ನು ಚಿತ್ರದುರ್ಗದ ಬಯಲಿನಲ್ಲಿ ಕಟ್ಟಿದರೆ ಬೇರೆ ಅಳತೆ ಕೇಳುತ್ತದೆ. ಅದಕ್ಕೇ ಮೇಷ್ಟ್ರು ಹೇಳಿದ್ದು, ಪೆಟ್ಟಿಗೆಯಲ್ಲಿರುವುದಕ್ಕೆ ನಮ್ಮ ತೋಟ ಗೊತ್ತಿಲ್ಲ ಎಂದು. ಪುಸ್ತಕ ಆರಂಭದ ಅಳತೆ ಕೊಡುತ್ತದೆ, ಮುಗಿಸುವುದು ಜಾಗವೇ.

ಮುಳ್ಳು ಇಳಿದ ಕೂಡಲೇ ಕುಣಿಯಬಾರದು ಎಂಬುದನ್ನೂ ಅವರು ಹುಡುಗಿಗೆ ಹೇಳಿಕೊಟ್ಟರು. ಕೇಬಲ್ಲಿನ ತುದಿಗೆ ಆಂಟೆನಾದ ಬದಲು ಬರೀ ಒಂದು 50 ಓಮಿನ ರೆಸಿಸ್ಟರ್ ಜೋಡಿಸಿದರೂ ಮಾಪಕ 1 ಎಂದೇ ತೋರಿಸುತ್ತದೆ. ಕಳಿಸಿದ ಶಕ್ತಿಯೆಲ್ಲ ಬಿಸಿಯಾಗಿ ಹೋಗಿರುತ್ತದೆ, ಒಂದು ಮಾತೂ ಊರು ದಾಟಿರುವುದಿಲ್ಲ. ನೀರು ಕುಡಿದ ಹಳೆಯ ಕೇಬಲ್ಲೂ ಇದೇ ಮೋಸ ಮಾಡುತ್ತದೆ. ಮಲೆನಾಡಿನಲ್ಲಿ ಇದೇ ದೊಡ್ಡ ಶತ್ರು: ಬೆಸುಗೆಯ ಬಳಿ ಒಂದು ಸೂಜಿಮೊನೆಯಷ್ಟು ಸಂದಿ ಸಿಕ್ಕರೆ ಸಾಕು, ಕೇಬಲ್ಲಿನೊಳಗಿನ ತಾಮ್ರದ ಹೆಣಿಗೆ ದೀಪದ ಬತ್ತಿ ಎಣ್ಣೆ ಹೀರುವ ಹಾಗೆ ನೀರು ಹೀರಿ ಹಸಿರುಗಟ್ಟುತ್ತದೆ. ಆದ್ದರಿಂದ ಜೋಡಣೆಗೆ ಟೇಪು ಸುತ್ತಿ, ಅದರ ಮೇಲೆ ರಬ್ಬರಿನ ಹೊದಿಕೆ, ಅದರ ಮೇಲೆ ಮತ್ತೆ ಟೇಪು. ಕೇಬಲ್ಲು ಕಿಟಕಿಗೆ ಬರುವ ಮೊದಲು ಕೆಳಗೊಂದು ಬಳುಕು ಕೊಟ್ಟರು. ಇಳಿದು ಬರುವ ನೀರು ಅಲ್ಲೇ ತೊಟ್ಟಿಕ್ಕಿ ಹೋಗಲಿ ಎಂದು.

<b>ಗಾಳಿಗೊಂದು ಕಲ್ಲು</b>

ಅಡಿಕೆ ಮರ ಗಾಳಿಗೆ ತೂಗುವುದನ್ನು ನೋಡಿದವರಿಗೆ ಗೊತ್ತು, ತುದಿ ಮೀಟರುಗಟ್ಟಲೆ ಆಚೀಚೆ ಹೋಗುತ್ತದೆ. ಎರಡು ಮರದ ನಡುವೆ ಬಿಗಿದ ತಂತಿ ಮೊದಲ ಗಾಳಿಗೇ ತುಂಡಾಗುತ್ತದೆ. ಹಾಗಾಗಿ ತುದಿಯ ಹಗ್ಗವನ್ನು ಮರಕ್ಕೆ ಕಟ್ಟಲಿಲ್ಲ. ಗಡಗಡೆಯ ಮೇಲೆ ಹಾಯಿಸಿ, ಕೆಳಗೆ ಒಂದು ಕಲ್ಲು ತೂಗಬಿಟ್ಟರು. ಮರ ವಾಲಿದರೆ ಕಲ್ಲು ಮೇಲೇಳುತ್ತದೆ, ಮರ ಮರಳಿದರೆ ಕಲ್ಲು ಇಳಿಯುತ್ತದೆ. ತಂತಿಯ ಬಿಗಿ ಮಾತ್ರ ಒಂದೇ ಸಮ.

ಗಾಳಿ ಮತ್ತು ತಂತಿಯ ಈ ಜಗಳ ರೇಡಿಯೋದಷ್ಟೇ ಹಳೆಯದು. 1901ರ ಡಿಸೆಂಬರ್ 12ರಂದು ನ್ಯೂಫೌಂಡ್‌ಲ್ಯಾಂಡಿನ ಸೇಂಟ್ ಜಾನ್ಸ್ ಬಳಿಯ ಸಿಗ್ನಲ್ ಹಿಲ್‌ನಲ್ಲಿ ಮಾರ್ಕೋನಿ ಸುಮಾರು 500 ಅಡಿ ತಂತಿಯನ್ನು ಗಾಳಿಪಟಕ್ಕೆ ಕಟ್ಟಿ ಹಾರಿಸಿದ. ಇಂಗ್ಲೆಂಡಿನ ಪೋಲ್ಡುವಿನಿಂದ ಅಟ್ಲಾಂಟಿಕ್ ಸಾಗರ ದಾಟಿ ಬರುವ ಸಂಕೇತಕ್ಕೆ ಕಿವಿಗೊಟ್ಟ. ಬಿರುಗಾಳಿಗೆ ಪಟ ಏರಿ ಇಳಿದ ಹಾಗೆಲ್ಲ ತಂತಿಯ ಗುಣವೂ ಬದಲಾಗುತ್ತ ಹೋಯಿತು. ಒಂದು ಕಂಪನಾಂಕಕ್ಕೆ ಹೊಂದಿಸಿದ ಗ್ರಾಹಕ ಕೆಲಸಕ್ಕೆ ಬಾರದೆ, ಹೊಂದಿಸದ ಸರಳ ಗ್ರಾಹಕವನ್ನೇ ಕಿವಿಗೆ ಹಚ್ಚಬೇಕಾಯಿತು. ಮೋರ್ಸ್‌ನ ಮೂರು ಚುಕ್ಕೆ, 'ಎಸ್' ಅಕ್ಷರ, ಕೇಳಿಸಿತೆಂದು ಅವನು ಸಾರಿದ. ನಿಜವಾಗಿ ಕೇಳಿಸಿತ್ತೇ ಎಂದು ಬಲ್ಲವರು ಇವತ್ತಿಗೂ ವಾದಿಸುತ್ತಾರೆ. ಈ ಕಥೆ ಹೇಳಿ ಮೇಷ್ಟ್ರು, 'ಅವನಿಗೆ ಒಂದು ಹಲಸಿನ ಮರ ಇರ್ಲಿಲ್ಲ, ಪಾಪ' ಎಂದರು.

ನಗುವಿನ ನಡುವೆಯೂ ಎರಡು ವಿಷಯದಲ್ಲಿ ಅವರು ಬಲು ಕಟ್ಟುನಿಟ್ಟು. ವಿದ್ಯುತ್ ತಂತಿಯ ಹತ್ತಿರ ಎಲ್ಲೂ ಆಂಟೆನಾ ಹಾಯಿಸಕೂಡದು, ಕಡಿದು ಬಿದ್ದರೂ ತಾಗದಷ್ಟು ದೂರ ಇರಬೇಕು. ಲೋಹದ ದೋಟಿ ಲೈನಿಗೆ ತಾಗಿ ಜೀವ ಹೋದ ಸುದ್ದಿ ಅಡಿಕೆ ಸೀಮೆಯವರಿಗೆ ಹೊಸದಲ್ಲ. ಎರಡನೆಯದು ಗುಡುಗು. ಮೋಡ ಕಟ್ಟಿತೆಂದರೆ ಕೇಬಲ್ಲನ್ನು ಯಂತ್ರದಿಂದ ಕಳಚಿ ಹೊರಗೆ ಹಾಕಬೇಕು. ಅಂದು ಮಧ್ಯಾಹ್ನವೇ ಒಮ್ಮೆ ಮುಂಗಾರು ಪೂರ್ವದ ಗುಡುಗು ಉರುಳಿ ಬಂತು. ಯಾರೂ ಹೇಳದೆ ಹುಡುಗಿ ಓಡಿಹೋಗಿ ಕಳಚಿದಳು.

<b>ತಗ್ಗಿನವರಿಗೆ ಆಕಾಶವೇ ದಾರಿ</b>

ಪುಸ್ತಕಗಳು ಡೈಪೋಲನ್ನು ಕಡೇಪಕ್ಷ ಅರ್ಧ ಅಲೆಯಷ್ಟು ಎತ್ತರಕ್ಕೆ ಕಟ್ಟಿ ಎನ್ನುತ್ತವೆ. 7 ಮೆಗಾಹರ್ಟ್ಸಿಗೆ ಅದು 21 ಮೀಟರ್ ಆಗುತ್ತದೆ. ಅಷ್ಟು ಎತ್ತರದಿಂದ ಅಲೆಗಳು ದಿಗಂತದ ಕಡೆಗೆ ವಾಲಿ ಹೊರಟು ದೂರದೂರದ ದೇಶ ಮುಟ್ಟುತ್ತವೆ. ಆದರೆ ಇದು ಗುಡ್ಡಗಳ ನಡುವಿನ ಕೊಳ್ಳ. ದಿಗಂತದ ಕಡೆಗೆ ಹೊರಟದ್ದು ಮೊದಲು ಎದುರಿನ ಗುಡ್ಡಕ್ಕೆ ತಲೆ ಹೊಡೆಯುತ್ತದೆ. 12 ಮೀಟರ್ ಎತ್ತರದ ತಗ್ಗು ತಂತಿಯ ಅಲೆಗಳಾದರೋ ಹೆಚ್ಚಾಗಿ ನೆತ್ತಿಯ ಕಡೆಗೇ ಏರುತ್ತವೆ. ಭೂಮಿಯಿಂದ 300 ಕಿಲೋಮೀಟರ್ ಆಸುಪಾಸಿನಲ್ಲಿ ಸೂರ್ಯನ ಕಿರಣದಿಂದ ವಿದ್ಯುದಂಶ ಪಡೆದ ವಾಯುಪದರವೊಂದಿದೆ. ಅಲೆ ಅಲ್ಲಿಂದ ಬಾಗಿ, ಕೊಡೆ ಬಿಚ್ಚಿದ ಹಾಗೆ ಸುತ್ತ ನೂರಾರು ಕಿಲೋಮೀಟರಿಗೆ ಇಳಿಯುತ್ತದೆ. ಮಧ್ಯೆ ಇರುವ ಗುಡ್ಡ ಎಷ್ಟು ಎತ್ತರದ್ದಾದರೇನು, ಮೇಲಿಂದ ಬರುವುದಕ್ಕೆ ಯಾವ ಅಡ್ಡಿಯೂ ಇಲ್ಲ. ದೂರದ ಜಪಾನನ್ನು ಮುಟ್ಟಲು ಈ ತಂತಿ ಅಷ್ಟೇನೂ ಒಳ್ಳೆಯದಲ್ಲ. ಶಿವಮೊಗ್ಗವನ್ನು, ಮಂಗಳೂರನ್ನು, ಬೆಂಗಳೂರನ್ನು ಮುಟ್ಟಲು ಇದಕ್ಕಿಂತ ಒಳ್ಳೆಯದಿಲ್ಲ. ಮಳೆಗಾಲದಲ್ಲಿ ಬೇಕಾಗುವುದೂ ಜಪಾನ್ ಅಲ್ಲವಲ್ಲ.

ಇದರ ವಿರುದ್ಧದ ಪಾಠವನ್ನು ಮರುದಿನ ಕುಂದಾದ್ರಿಯ ಮೇಲೆ ಕಂಡೆ. ಸುಮಾರು 800 ಮೀಟರ್ ಎತ್ತರದ ಈ ಬಂಡೆಬೆಟ್ಟ ಆಚಾರ್ಯ ಕುಂದಕುಂದರ ಹೆಸರಿನೊಂದಿಗೆ ಬೆಸೆದುಕೊಂಡ ಜೈನ ಕ್ಷೇತ್ರ. ತುದಿಯಲ್ಲಿ ಪಾರ್ಶ್ವನಾಥ ಬಸದಿ, ಬಂಡೆಯಲ್ಲೇ ತುಂಬಿನಿಂತ ಕೊಳ. ಮೇಲಿನವರೆಗೂ ರಸ್ತೆ, ಕೊನೆಗೆ ಕೆಲವು ಮೆಟ್ಟಿಲು. ಮೇಷ್ಟ್ರು ಕೈಚೀಲದಲ್ಲಿ ಒಂದು ಅಂಗೈ ರೇಡಿಯೋ ಮತ್ತು ಬಟ್ಟೆಯಿಲ್ಲದ ಕೊಡೆಯಂಥದೊಂದನ್ನು ತಂದಿದ್ದರು. ಅದು ನಿಜಕ್ಕೂ ಕೊಡೆಯೇ. ಆಗುಂಬೆ ಸೀಮೆಯಲ್ಲಿ ಮುರಿದ ಕೊಡೆಗೆ ಬರವೇ? ಹಳೆಯ ಕೊಡೆಯ ಐದು ಕಡ್ಡಿ ಕಿತ್ತು, ಒಂದು ಕನೆಕ್ಟರಿನ ನಡುವಿಗೆ ಒಂದನ್ನು ನೆಟ್ಟಗೆ ನಿಲ್ಲಿಸಿ, ಮಿಕ್ಕ ನಾಲ್ಕನ್ನು ಅದರ ಅಂಚಿಗೆ ಬಿಗಿದಿದ್ದರು. ಇದು 2 ಮೀಟರ್ ಬ್ಯಾಂಡಿನ ಆಂಟೆನಾ. ಅಲೆಯ ಕಾಲುಭಾಗ ಲೆಕ್ಕ ಹಾಕಿದರೆ ನಡುಕಡ್ಡಿ 49 ಸೆಂಟಿಮೀಟರ್. ಕೆಳಗಿನ ನಾಲ್ಕು ತುಸು ಉದ್ದ. ಆ ನಾಲ್ಕನ್ನೂ ಅಡ್ಡಲಾಗಿ ಚಾಚಿದರೆ 36 ಓಮ್ ಆಸುಪಾಸು, 45 ಡಿಗ್ರಿ ಬಾಗಿಸಿದರೆ 50ರ ಹತ್ತಿರ. ಹೊಂದಾಣಿಕೆಗೆ ಬೇರೆ ಉಪಕರಣವೇ ಬೇಡ, ಕಡ್ಡಿ ಬಾಗಿಸಿದರಾಯಿತು.

ಈ ಚಿಕ್ಕ ಅಲೆಗಳು ಬೆಳಕಿನ ಹಾಗೆ ನೇರ ಹೋಗುವಂಥವು. ಆಕಾಶದ ಪದರ ಇವನ್ನು ಸಾಮಾನ್ಯವಾಗಿ ಹಿಂದಿರುಗಿಸುವುದಿಲ್ಲ. ಕೆಳಗೆ ತೋಟದಲ್ಲಿ ಈ ರೇಡಿಯೋ ಹಚ್ಚಿದರೆ ಬರೀ ಸುಂಯ್‌ಗುಟ್ಟುತ್ತಿತ್ತು. ಬೆಟ್ಟದ ತುದಿಯಲ್ಲಿ ಕೊಡೆಕಡ್ಡಿ ಎತ್ತಿ ಹಿಡಿದು ಕರೆದದ್ದೇ ತಡ, ಘಟ್ಟದ ಕೆಳಗಿನ ಗೆಳೆಯರೊಬ್ಬರು ಪಕ್ಕದ ಕೋಣೆಯಿಂದ ಮಾತಾಡಿದಷ್ಟು ಸ್ಪಷ್ಟವಾಗಿ ಉತ್ತರಿಸಿದರು. ಪಶ್ಚಿಮಕ್ಕೆ ಕಾಡಿನಂಚು ಮುಗಿದು ಕರಾವಳಿಯ ಮಂಜು ಕಾಣುತ್ತಿತ್ತು. ಎಲ್ಲಿಯವರೆಗೆ ಕಣ್ಣು ಹೋಗುತ್ತದೋ ಅಲ್ಲಿಯವರೆಗೆ ಮಾತು. ತೋಟಕ್ಕೊಂದು ಆಂಟೆನಾ, ಬೆಟ್ಟಕ್ಕೊಂದು ಆಂಟೆನಾ. ಅದಲುಬದಲು ಮಾಡಿದರೆ ಎರಡೂ ಮೂಕ.

<b>ಯಾರಿಗಾಗಿ ಇಷ್ಟೆಲ್ಲ?</b>

ಎಲ್ಲರ ಕೈಯಲ್ಲೂ ಮೊಬೈಲು ಇರುವಾಗ ಇದು ಬೇಕೇ ಎಂದು ಕೇಳುವವರುಂಟು. 2004ರ ಡಿಸೆಂಬರ್ ಮೊದಲ ವಾರ ಹೈದರಾಬಾದಿನ ರಾಷ್ಟ್ರೀಯ ಹವ್ಯಾಸಿ ರೇಡಿಯೋ ಸಂಸ್ಥೆಯ ಭಾರತಿ ಪ್ರಸಾದ್ ಅವರ ತಂಡ ಆಗಿನ ಪೋರ್ಟ್‌ಬ್ಲೇರ್, ಈಗಿನ ಶ್ರೀ ವಿಜಯಪುರಂಗೆ ಹೋಗಿ ಆಂಟೆನಾ ಏರಿಸಿತು. ಅಂಡಮಾನಿನಲ್ಲಿ ಎಷ್ಟೋ ವರ್ಷ ಹವ್ಯಾಸಿ ರೇಡಿಯೋಗೆ ಅನುಮತಿ ಇರಲಿಲ್ಲವಾದ್ದರಿಂದ ಜಗತ್ತಿನ ಹ್ಯಾಮ್‌ಗಳೆಲ್ಲ ಆ ದ್ವೀಪದೊಂದಿಗೆ ಒಂದು ಮಾತಾಡಲು ಮುಗಿಬಿದ್ದಿದ್ದರು. ಅದು ಸಂತೋಷಕ್ಕೆ ಕಟ್ಟಿದ ಆಂಟೆನಾ. ಡಿಸೆಂಬರ್ 26ರ ಬೆಳಗ್ಗೆ ಭೂಮಿ ನಡುಗಿತು, ಸುನಾಮಿ ಬಂತು, ದೂರವಾಣಿಗಳು ಸತ್ತವು. ಆಟ ನಿಲ್ಲಿಸಿದ ತಂಡ ಅದೇ ತಂತಿಗಳ ಮೂಲಕ ದ್ವೀಪದವರ ಕ್ಷೇಮ ಸಮಾಚಾರವನ್ನು ಮುಖ್ಯಭೂಮಿಗೆ ದಾಟಿಸತೊಡಗಿತು. ಕಾರ್ ನಿಕೋಬಾರಿಗೂ ರೇಡಿಯೋ ಹೋಯಿತು.

ನಮ್ಮ ಘಟ್ಟಕ್ಕೇ ಬನ್ನಿ. 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಕುಸಿದಾಗ ಊರುಗಳ ನಡುವಿನ ದಾರಿಯೇ ಅಳಿಸಿಹೋಯಿತು. 2024ರ ಜುಲೈ 30ರ ನಸುಕಿನಲ್ಲಿ ವಯನಾಡಿನ ಮುಂಡಕ್ಕೈ, ಚೂರಲ್‌ಮಲಗಳ ಮೇಲೆ ಬೆಟ್ಟ ಇಳಿದಾಗ ಹವ್ಯಾಸಿಗಳು ಕಲ್ಪೆಟ್ಟದ ಜಿಲ್ಲಾಧಿಕಾರಿ ಕಚೇರಿಯಲ್ಲಿ ತಮ್ಮ ಕೇಂದ್ರ ತೆರೆದು, ರಕ್ಷಣೆಗೆ ಹೋದವರ ಮಾತನ್ನು ಆಚೀಚೆ ದಾಟಿಸಿದರು. ಇಂಥ ಹೊತ್ತಿನಲ್ಲಿ ರೇಡಿಯೋ ಪೆಟ್ಟಿಗೆ ಎಲ್ಲಿಂದಲಾದರೂ ಬಂದೀತು. ಆದರೆ ಬಿದ್ದ ಮರದ ಪಕ್ಕದ ನಿಂತ ಮರಕ್ಕೆ, ಇರುವ ತಂತಿಯನ್ನೇ ಅಳೆದು ಕತ್ತರಿಸಿ, ಕತ್ತಲಾಗುವುದರೊಳಗೆ ಹೊಂದಿಸಿ ಕೊಡುವ ಕೈ ಮಾತ್ರ ಪಾರ್ಸೆಲ್ಲಿನಲ್ಲಿ ಬರುವುದಿಲ್ಲ. ಅದನ್ನು ಮೊದಲೇ ತಯಾರು ಮಾಡಿಕೊಂಡಿರಬೇಕು. ಸಿದ್ಧ ಆಂಟೆನಾ ಸುಲಭವಾಗಿ ಸಿಗುವ ಈ ಕಾಲದಲ್ಲಿ ಕಟ್ಟಿ ಕಲಿಯುವವರು ಕಡಿಮೆಯಾಗುತ್ತಿದ್ದಾರೆ ಎಂಬುದು ಮೇಷ್ಟ್ರ ಚಿಂತೆ. ಅವರ ಮಾತಿನಲ್ಲಿ ದೂರಿರಲಿಲ್ಲ. 'ನನ್ನ ನಂತ್ರ ಈ ಕೊಳ್ಳದಲ್ಲಿ ತಂತಿ ಕಟ್ಟೋರು ಒಬ್ರಾದ್ರೂ ಬೇಕಲ್ದಾ?' ಎಂದಷ್ಟೇ ಕೇಳಿದರು.

ಮೂರನೆಯ ಸಂಜೆ ಹೊಸ ತಂತಿಯ ಮೊದಲ ಹಾಜರಿ. ಬಿಸಿಲಿನಿಂದ ತುಂಬಿದ ಹನ್ನೆರಡು ವೋಲ್ಟಿನ ಬ್ಯಾಟರಿ, ಮೇಜಿನ ಮೇಲೆ ಒಂದು ತಟ್ಟೆ ಹಲಸಿನ ಹಪ್ಪಳ. ಮೇಷ್ಟ್ರು ತಮ್ಮ ಸಂಕೇತ ಹೇಳಿ ಕರೆದರು. ಬೆಂಗಳೂರು ಉತ್ತರಿಸಿತು. ಹುಬ್ಬಳ್ಳಿ ಉತ್ತರಿಸಿತು. ಮಂಗಳೂರಿನವರು, 'ಹೋದ ವರ್ಷಕ್ಕಿಂತ ಜೋರಾಗಿ ಕೇಳುತ್ತಿದೆ, ಏನು ಮಾಡಿದಿರಿ?' ಎಂದು ವಿಚಾರಿಸಿದರು. ಹುಡುಗಿಗೆ ಇನ್ನೂ ಪರವಾನಗಿ ಇಲ್ಲ, ಆದ್ದರಿಂದ ಮೈಕಿನ ಗುಂಡಿ ಒತ್ತುವಂತಿಲ್ಲ. ಪರೀಕ್ಷೆಗೆ ಅರ್ಜಿ ತುಂಬುವುದು ಈ ಮಳೆಗಾಲದ ಕೆಲಸವಂತೆ. ಅವಳು ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಒಬ್ಬೊಬ್ಬರ ಊರು, ಸಂಕೇತ, ಕೇಳಿಸಿದ ಬಲ ಎಲ್ಲವನ್ನೂ ಸಾಲಾಗಿ ಬರೆದಳು. ಹಾಳೆಯ ತಲೆಯಲ್ಲಿ ಅವಳೇ ಒಂದು ಸಾಲು ಗೆರೆ ಹೊಡೆದು ಬರೆದಿಟ್ಟಿದ್ದಳು: ಹಲಸಿನ ಮರ, ತೋಳಿಗೆ 9 ಮೀಟರ್ 89.

ನಾನು ಊರಿಗೆ ಮರಳಿದ ಎಂಟನೆಯ ದಿನಕ್ಕೆ ಆಗುಂಬೆಯಲ್ಲಿ ಮಳೆ ಹಿಡಿಯಿತು ಎಂದು ಪತ್ರಿಕೆಯಲ್ಲಿ ಓದಿದೆ. ಮೇಷ್ಟ್ರಿಗೆ ಫೋನು ಮಾಡಿದರೆ ಸಂಪರ್ಕ ಸಿಗಲಿಲ್ಲ. ಬೆಂಗಳೂರಿನ ಹ್ಯಾಮ್ ಒಬ್ಬರನ್ನು ಕೇಳಿದೆ. 'ಬೆಳಗ್ಗೆ ಹಾಜರಿ ಹಾಕಿದ್ದಾರಲ್ಲ, ಚೆನ್ನಾಗಿದ್ದಾರೆ. ಕರೆಂಟು ಹೋಗಿ ಮೂರು ದಿನ ಆಯ್ತಂತೆ' ಎಂದರು.